ಅಂಗಾಲಿಗೆ ಹಿಡಿದ ಬೆಳಕು

ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಮಣೆಯ ಮೇಲೆ ಕೂತು, ತಟ್ಟೆಯಲ್ಲಿ ಕಾಲಿಟ್ಟು, ಹೆಂಡತಿಯಿಂದ ಪಾದಪೂಜೆ ಮಾಡಿಸಿಕೊಳ್ಳುವ ಅರ್ಧ ಗಂಟೆ ಇದೆಯಲ್ಲ, ಅಷ್ಟು ಹೊತ್ತು ನನ್ನಂಥ ಸಾಧಾರಣ ಕಾಫಿ ಬೆಳೆಗಾರನೂ ದೇವರೇ. ನೀವು ಗಂಡಸರಾಗಿದ್ದರೆ ಈ ಬಡ್ತಿಯ ಸುಖ ನಿಮಗೂ ಗೊತ್ತಿರುತ್ತದೆ. ಹೆಂಗಸರಾಗಿದ್ದರೆ ಆಗ ನಮ್ಮ ಮುಖ ಹೇಗಿರುತ್ತದೆಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಒಂದು ಮಳೆಗಾಲದಲ್ಲಿ ಮಾತ್ರ ನನ್ನ ದೈವತ್ವ ಅರಿಶಿನ ಹಚ್ಚುವಷ್ಟರಲ್ಲೇ ಮುಗಿದುಹೋಯಿತು. ಗಂಡನ ಆಯಸ್ಸಿಗಾಗಿ ಪೂಜೆಗೆ ಕೂತಿದ್ದ ಸರೋಜ ನನ್ನ ಬಲಗಾಲನ್ನು ಎತ್ತಿ ತಿರುಗಿಸಿ, “ರೀ, ಅಂಗಾಲಲ್ಲಿ ಇದೇನ್ರೀ ಕಪ್ಪು ಚುಕ್ಕೆ?” ಅಂದಳು.

“ಉಂಬಳ ಕಚ್ಚಿ ರಕ್ತ ಹೀರಿದ್ದು ಕಣೇ.”

“ಬೂಟಿನೊಳಗೆ ನುಗ್ಗಿ ಅಂಗಾಲಿಗೆ ಕಚ್ಚೋ ಉಂಬಳ ಯಾವುದ್ರೀ ಅದು?”

ಮೂಡಿಗೆರೆಯ ಡಾಕ್ಟರು ನಗಲಿಲ್ಲ. ಇಂಥದ್ದು ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಆಗಿರುವುದುಂಟು, ಮಂಗಳೂರಿಗೆ ಹೋಗಿ ತೋರಿಸಿ ಎಂದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಘಾಟಿ ಇಳಿಯದ ನಾನು ಆ ದಿನ ಜೀಪನ್ನೇ ನಿಲ್ಲಿಸಲಿಲ್ಲ. ಕಾಲು ಹೋದರೆ ತೋಟ ತಿರುಗುವುದು ಹೇಗೆ, ನಾನೇ ಹೋದರೆ ಪಕ್ಕದಲ್ಲಿ ಕೂತಿರುವ ಇವಳ ಗತಿಯೇನು ಎಂದು ದಾರಿಯುದ್ದಕ್ಕೂ ಹೆದರಿದ್ದೆ, ಸುಳ್ಳೇಕೆ ಹೇಳಲಿ.

ಮಂಗಳೂರಿನ ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಈಗ ಕೊಯ್ಯುತ್ತಾರೆಂದು ನಾನು ಕಣ್ಣುಮುಚ್ಚಿ ಕೂತಿದ್ದರೆ, ಅವರು ಅಂಗಾಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ದೀಪವೂ ಕ್ಯಾಮೆರಾವೂ ಇದ್ದ ಪುಟ್ಟ ಭೂತಗನ್ನಡಿಯನ್ನು ಮೆತ್ತಗೆ ಒತ್ತಿ ಹಿಡಿದರು. ಆ ಬೆಳಕು ಮೇಲಿನ ಪದರವನ್ನು ದಾಟಿ ಒಳಗಿನ ಬಣ್ಣವನ್ನೂ ತೋರಿಸುತ್ತದಂತೆ. ಕಂಪ್ಯೂಟರಿನ ಪರದೆಯ ಮೇಲೆ ನನ್ನ ಪೂಜ್ಯ ಪಾದ ಉತ್ತ ಗದ್ದೆಯ ಹಾಗೆ ಸಾಲುಸಾಲಾಗಿ ಮೂಡಿತು.

“ಕೊಯ್ದು ನೋಡ್ದೆ ಹೆಂಗಮ್ಮ ಗೊತ್ತಾಗುತ್ತೆ?”

“ಈ ಉಬ್ಬಿದ ಏಣುಗಳ ಮೇಲೆ ಕಪ್ಪಿದ್ರೆ ಕೊಯ್ಯಲೇಬೇಕಿತ್ತು. ನಿಮ್ಮದು ತಗ್ಗಿನ ಗೆರೆಗಳಲ್ಲಿ ಮಾತ್ರ ಉಂಟು. ಬರೀ ಮಚ್ಚೆ, ಹೆದರ್ಬೇಡಿ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವ.”

ಕಾಫಿ ಗಿಡದ ಕಾಂಡದ ಮೇಲೆ ಏಣು ಎದ್ದಿದ್ದರೆ ಒಳಗೆ ಕೊರೆಯುವ ಹುಳುವಿದೆಯೆಂದು ಗಿಡವನ್ನೇ ಕಿತ್ತು ಸುಡಿಸುವವನು ನಾನು. ಹಾಗಾಗಿ ಡಾಕ್ಟರ ಮಾತು ತಕ್ಷಣ ತಲೆಗೆ ಹೋಯಿತು. ವರ್ಷಕ್ಕೆರಡು ಸಲ ಒಂದೊಂದು ಗಿಡವನ್ನೂ ಬಗ್ಗಿ ನೋಡಿಸುವ ನಾವು ಹತ್ತಿರದವರನ್ನು ಹಾಗೆ ನೋಡುವುದೇ ಇಲ್ಲ. ದಿನಾ ಕಾಣುವುದರಿಂದ ನೋಡಿಯಾಗಿದೆ ಎಂದುಕೊಂಡಿರುತ್ತೇವೆ. ಆಗ ನನಗೆ ಇದೆಲ್ಲ ಎಲ್ಲಿ ಹೊಳೆಯಬೇಕು? ಜೀವ ಬಂದ ಖುಷಿಯಲ್ಲಿ ದೋಸೆಯ ಲೆಕ್ಕ ಹಾಕುತ್ತಿದ್ದೆ.

“ಅಮ್ಮಾ, ಹೇಗೂ ಬಂದಿದ್ದೀರಿ, ನಿಮ್ಮದೂ ನೋಡುವ” ಎಂದರು ಡಾಕ್ಟರು. ಬೇಡವೆಂದು ಸರೋಜ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ನಾನೇ ಬಗ್ಗಿ ಎತ್ತಿ ಹಿಡಿದರೆ, “ಅಯ್ಯೋ, ಬಿಡ್ರೀ, ನಂಗೆ ಪಾಪ ಬರುತ್ತೆ” ಎಂದು ಕೂಗಿದಳು. ಮಚ್ಚೆ ಎಲ್ಲೂ ಇರಲಿಲ್ಲ. ಬಿರುಕು ಬಿಟ್ಟ ಹಿಮ್ಮಡಿಯಿಂದ ನಡುಪಾದದವರೆಗೆ ಉದ್ದಕ್ಕೆ ಒಂದು ಹಳೆಯ ಗಾಯದ ಗೆರೆಯಿತ್ತು.

“ಇದು ಯಾವಾಗಿನದು?” ಎಂದು ಡಾಕ್ಟರು ಕೇಳಿದರು.

“ಮದ್ವೆಯಾದ ವರ್ಷ ಗಾಜು ಹೊಕ್ಕಿತ್ತು. ಆರು ಹೊಲಿಗೆ ಹಾಕಿದ್ರು. ಇವ್ರಿಗೆ ಗೊತ್ತು.”

ಡಾಕ್ಟರು ನನ್ನ ಕಡೆ ನೋಡಿದರು. ನನಗೆ ನೆನಪೇ ಇರಲಿಲ್ಲ. ಹೌದೆಂದು ತಲೆಯಾಡಿಸಿದೆ.