ನಲವತ್ತು ಹೇಳಿದರೆ ಮೂವತ್ತೆರಡು

ಇವತ್ತು ಬೆಳಿಗ್ಗೆ ಪಾತ್ರೆ ಮಾರುವವಳು ಬಾಗಿಲಿಗೆ ಬಂದಾಗ ನನ್ನ ಹೆಂಡತಿ ಹಳೇ ಬಟ್ಟೆಗಳ ಜೊತೆ ನನ್ನ ಓಟದ ಶೂಗಳನ್ನೂ ಮುಂದಿಟ್ಟಿದ್ದಳು. ಎಲ್ಲಕ್ಕೂ ಸೇರಿ ಒಂದು ಪ್ಲಾಸ್ಟಿಕ್ ಮಗ್ಗು ಎಂದು ಮಾತಾಗಿತ್ತು. ಓಡಿಹೋಗಿ ಶೂ ಕಿತ್ತುಕೊಂಡೆ. ಬೆವರು, ಮಣ್ಣು, ನೋವಿನೆಣ್ಣೆ ಬೆರೆತ ಆ ವಾಸನೆಗೆ ಬಾಷಾ ಭಾಯ್ ನೆನಪಾದರು.

ನಾನು ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ವ್ಯಾಪಾರಿ. ಹೆಗಲ ಮೇಲೆ ಕ್ರೇಟು ಹೊತ್ತು ಮೇಲೆ ಬಂದವನು. ಯಾರು ಏನು ಹೇಳಿದರೂ ಅದರಲ್ಲಿ ಸ್ವಲ್ಪ ಇಳಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಡಾಕ್ಟರು ಐದು ದಿನ ಮಾತ್ರೆ ಅಂದರೆ ಮೂರಕ್ಕೆ ಮುಗಿಸಿ ಅನ್ನುವವನು. (ನೀವು ಹಾಗೆ ಮಾಡಬೇಡಿ.)

ನಲವತ್ತಾರನೇ ವಯಸ್ಸಿನಲ್ಲಿ, ಹೊಟ್ಟೆ ನೋಡಿ ನಕ್ಕರೆಂಬ ಸಿಟ್ಟಿಗೆ, ಮಂಡಿಯವರ ಮುಂದೆ ಬಾಯಿಬಿಟ್ಟೆ: ಬೆಂಗಳೂರಿಗೆ ಹೋಗಿ ಮ್ಯಾರಥಾನ್ ಓಡುತ್ತೇನೆ, ಮೊದಲ ಸಲವೇ ನಾಲ್ಕು ಗಂಟೆಯೊಳಗೆ. ಆಗದಿದ್ದರೆ ಒಂದು ತಿಂಗಳು ಯಾರು ಹೇಳಿದ ಬೆಲೆಗೂ ಎದುರಾಡುವುದಿಲ್ಲ. ಆ ಶಿಕ್ಷೆ ಕೇಳಿ ನನ್ನ ಹೆಂಡತಿಯೇ ಬೆಚ್ಚಿಬಿದ್ದಳು.

ಬಾಷಾ ಭಾಯ್ ನಮ್ಮ ಮುಳಬಾಗಿಲಿನಲ್ಲಿ ಲಾರಿ ಟಾರ್ಪಾಲು ಹೊಲಿಯುವವರು, ಹರೆಯದಲ್ಲಿ ದೊಡ್ಡ ಓಟಗಾರರು. ಕಲಿಸಿಕೊಡಿ ಎಂದು ಹೋದೆ. ಸೂಜಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ಅಳೆದರು.

"ಭಾನುವಾರ ಇಪ್ಪತ್ತು ಕಿಲೋಮೀಟರು ಸಾವ್ಕಾರ್ರೇ."

"ಹದಿನಾರು ಮಾಡ್ಕೊಳ್ಳಿ ಭಾಯ್."

"ಹೋಗ್ಲಿ, ಹದಿನಾರು."

ಹೀಗೆ ಶುರುವಾಯಿತು. ನಂಗಲಿ ರಸ್ತೆಯ ಪಕ್ಕ ನಾನು ಓಡುವುದು, ಹಿಂದೆ ಮೊಪೆಡ್ಡಿನಲ್ಲಿ ಭಾಯ್, ಕಾಲ ಬಳಿ ನೀರಿನ ಕ್ಯಾನು. ಆಂಧ್ರದ ಲಾರಿ ಡ್ರೈವರುಗಳು "ಏಮನ್ನಾ, ಬಸ್ಸು ತಪ್ಪಿಪೋಯಿಂದಾ?" ಎಂದು ಕೂಗಿ ಹೋಗುತ್ತಿದ್ದರು. ಅಂದಹಾಗೆ ಶೂ ಕೊಳ್ಳುವುದಾದರೆ ಸಂಜೆ ಹೋಗಿ, ಪಾದ ಕೊಂಚ ಊದಿರುತ್ತದೆ. ಬೆಳಿಗ್ಗೆ ಸರಿಹೋದ ಶೂ ಓಡುವಾಗ ಕಚ್ಚುತ್ತದೆ. ಇದು ನನ್ನ ಎರಡು ಉಗುರು ಕೊಟ್ಟು ಕಲಿತ ಪಾಠ.

ತಿಂಗಳುಗಳು ಕಳೆದವು. ಭಾಯ್ ಮೂವತ್ತು ಅಂದರೆ ಇಪ್ಪತ್ನಾಲ್ಕಕ್ಕೆ ಇಳಿಸಿದೆ. ನಲವತ್ತು ಅಂದಾಗ ಮೂವತ್ತೆರಡಕ್ಕೆ. ಪಾಪದ ಮನುಷ್ಯ, ವ್ಯಾಪಾರ ಗೊತ್ತಿಲ್ಲ ಎಂದು ಒಳಗೊಳಗೇ ಮರುಗಿದ್ದೂ ಉಂಟು.

ಓಟದ ದಿನ ಮೂವತ್ತೈದನೇ ಕಿಲೋಮೀಟರಿನಲ್ಲಿ ತೊಡೆಗಳು ಕಲ್ಲಾದವು. ನಾನು ಉಳಿಸಿಕೊಂಡ ಒಂದೊಂದು ಕಿಲೋಮೀಟರೂ ಎದುರು ಬಂದು ನಿಂತಂತಾಯಿತು. ಅಲ್ಲಿ ಯಾರ ಹತ್ತಿರ ಚೌಕಾಸಿ ಮಾಡುವುದು? ಕಾಲಿನ ಹತ್ತಿರವೇ ಮಾಡಿದೆ: ಆ ಕಂಬದವರೆಗೆ ಬಾರಪ್ಪ, ಆಮೇಲೆ ನೋಡೋಣ. ಕಂಬ ಬಂದಾಗ, ಇನ್ನೊಂದೇ ಒಂದು. ಹೀಗೆ ಕಂಬ ಕಂಬಕ್ಕೆ ಸುಳ್ಳು ಹೇಳುತ್ತಾ ಗೆರೆ ದಾಟಿದಾಗ ಮೂರು ಗಂಟೆ ಐವತ್ತೆಂಟು ನಿಮಿಷ.

ಬೇಲಿಯಾಚೆ ನಿಂತಿದ್ದ ಭಾಯ್ ಕೈಹಿಡಿದು ಏದುಸಿರಲ್ಲೇ ಜಂಬ ಕೊಚ್ಚಿದೆ. "ನೋಡಿದ್ರಾ? ನೀವು ಹೇಳಿದ್ದಕ್ಕಿಂತ ಅಷ್ಟೊಂದು ಕಡಿಮೆ ಓಡಿಯೂ ಗೆದ್ದೆ!"

ಭಾಯ್ ಗಡ್ಡ ಸವರಿಕೊಂಡರು. "ನಂಗೆ ಬೇಕಾಗಿದ್ದೇ ಮೂವತ್ತೆರಡು ಸಾವ್ಕಾರ್ರೇ. ಅಷ್ಟೇ ಹೇಳಿದ್ರೆ ನೀವು ಇಪ್ಪತ್ತೈದು ಓಡ್ತಿದ್ರಿ. ಅದಕ್ಕೇ ನಲವತ್ತು ಹೇಳ್ತಿದ್ದೆ."

ಮಂಡಿಯಲ್ಲಿ ನಾನು ಆ ಸಮಯವನ್ನು ಎಲ್ಲರಿಗೂ ಹೇಳಿದೆ. ಭಾಯ್ ಅಂದ ಈ ಮಾತನ್ನು ಇವತ್ತು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಶೂ ಒರೆಸಿಟ್ಟು ಭಾಯ್‌ಗೆ ಫೋನು ಮಾಡಿದೆ. ಇನ್ನೊಂದು ಮ್ಯಾರಥಾನ್ ಓಡೋಣ ಅಂದೆ.

"ಆಯ್ತು. ಮೂರು ತಿಂಗಳಾದ್ಮೇಲೆ ಒಂದು ಭಾನುವಾರ ನಲವತ್ತು ಓಡ್ಬೇಕಾಗ್ತದೆ."

"ಸರಿ ಭಾಯ್, ನಲವತ್ತು."

"ಏನು, ಮೈಗೆ ಹುಷಾರಿಲ್ವಾ? ಇಳಿಸಿ ಸಾವ್ಕಾರ್ರೇ!"

ನಾನು ಸುಮ್ಮನಿದ್ದೆ. ಭಾಯ್‌ಗೆ ಗಾಬರಿಯಾಯಿತು. "ಮೂವತ್ತೆಂಟು ಮಾಡೋಣ... ಮೂವತ್ತೈದು... ಹೋಗ್ಲಿ, ಮೂವತ್ತೆರಡು..."

ಇನ್ನೂ ಸುಮ್ಮನಿದ್ದಿದ್ದರೆ ಇಪ್ಪತ್ತಕ್ಕೆ ಬರುತ್ತಿದ್ದರು.

"ಸಾಕು ಭಾಯ್," ಅಂದೆ. "ಅಲ್ಲೇ ನಿಲ್ಸಿ."