ಎರಡನೇ ಸಲ ತೊಳೆದ ತಟ್ಟೆ

ನಾರ್ತ್‌ವಿಲ್‌ನಲ್ಲಿ ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯಲ್ಲಿ ಎದುರುಮನೆಯವರು ಚೀನಾದವರು. ಗಂಡನಿಗೆ ವಾರವೆಲ್ಲ ಊರೂರು ಸುತ್ತುವ ಕೆಲಸ. ಮನೆಯಲ್ಲಿ ಹೆಚ್ಚಾಗಿ ಇರುತ್ತಿದ್ದವರು ತಾಯಿ, ಮಗಳು ಇಬ್ಬರೇ. ತಾಯಿ ತಮ್ಮೂರಿನ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವರು, ಇಲ್ಲಿ ಕಾರಿನ ಬಣ್ಣ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಹಿಮ ಕರಗಿತೆಂದರೆ ಸಂಜೆ ನಾವಿಬ್ಬರೂ ಒಟ್ಟಿಗೆ ವಾಕ್ ಹೋಗುತ್ತಿದ್ದೆವು. ಮಾತೆಲ್ಲ ಇಂಗ್ಲಿಷಿನಲ್ಲಿ, ಇಬ್ಬರದೂ ಅಷ್ಟಕ್ಕಷ್ಟೇ. ಆದರೆ ನನ್ನ ನೆನಪಿನಲ್ಲಿ ಆಕೆ ಮೈಸೂರಿನ ಕಡೆಯ ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೇ ಬರೆಯುತ್ತೇನೆ.

ಎರಡು ಸಾವಿರದ ಇಸವಿಯ ಆಸುಪಾಸು ಇರಬೇಕು. ಒಂದು ಭಾನುವಾರ ಆ ಮನೆಯ ಹುಡುಗಿ ನಮ್ಮ ಗರಾಜಿನ ಹತ್ತಿರ ಬಂದು ನಿಂತಳು. ಹೈಸ್ಕೂಲಿನ ಕೊನೇ ವರ್ಷ ಅವಳಿಗೆ. ಕೈಯಲ್ಲೊಂದು ಕಾದಂಬರಿ.

“ಆಂಟಿ, ಇದನ್ನ ಅಮ್ಮಂಗೆ ಕೊಡ್ತೀರಾ? ನೀವು ಓದಿದ್ದು, ಚೆನ್ನಾಗಿತ್ತು ಅಂತ ಹೇಳಿ.”

“ನೀನೇ ಕೊಡಬಹುದಲ್ಲಮ್ಮ?”

“ನಾನು ಕೊಟ್ರೆ ಹೋಮ್‌ವರ್ಕ್ ಮುಗೀತಾ ಅಂತ ಕೇಳ್ತಾಳೆ.” ಪುಸ್ತಕವನ್ನು ನನ್ನ ಕೈಗಿಟ್ಟು ಅಂದಳು: “ಆಗಸ್ಟಲ್ಲಿ ಕಾಲೇಜಿಗೆ ಹೋಗ್ತೀನಿ. ನಮ್ಮನೇಲಿ ಊಟ, ಮಾರ್ಕ್ಸು, ಸ್ವೆಟರು, ಇಷ್ಟೇ ಮಾತು. ನಾನು ಯಾರು ಅಂತಾನೇ ಅವಳಿಗೆ ಗೊತ್ತಿಲ್ಲ. ನಾನು ಹೋಗೋದ್ರೊಳಗೆ ಇದನ್ನ ಓದಿದ್ರೆ ಸಾಕು.”

ಕೊಡುವ ಮೊದಲು ನಾನೇ ಓದೋಣವೆಂದು ಕೂತೆ. ಚೀನಾದಿಂದ ಬಂದು ಇಲ್ಲಿ ಹೊಲಿಗೆ ಅಂಗಡಿ ಇಟ್ಟ ಒಬ್ಬ ತಾಯಿಯ ಕಥೆ. ಹೇಳುವವಳು ಇಲ್ಲೇ ಬೆಳೆದ ಮಗಳು. ಮಗಳು ತೊಳೆದಿಟ್ಟ ತಟ್ಟೆಗಳನ್ನು ಆ ತಾಯಿ ಒಂದು ಮಾತೂ ಆಡದೆ ಮತ್ತೆ ತೊಳೆಯುತ್ತಾಳೆ. ನಾನು ಮಾಡಿದ್ದು ಯಾವುದೂ ಇವಳಿಗೆ ಸಾಲದು ಎಂದು ಮಗಳು ಒಳಗೊಳಗೇ ಬೇಯುತ್ತಾಳೆ. ಅದನ್ನು ಓದಿ ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಎದ್ದು, ಡಿಶ್‌ವಾಷರಿನಿಂದ ಲೋಟಗಳನ್ನು ತೆಗೆದು ಎಂದಿನಂತೆ ನಲ್ಲಿಯ ಕೆಳಗೆ ಹಿಡಿದೆ. “ಆ ಮಷೀನಿಗೂ ಬೇಜಾರಾಗುತ್ತೆ ಕಣೆ,” ಅಂದರು ನಮ್ಮನೆಯವರು. ನಾನು ಅತ್ತದ್ದು ತಾಯಿಗೋ ಮಗಳಿಗೋ ಎಂದು ಆಗಲೇ ನನಗೆ ಗೊಂದಲ ಶುರುವಾಯಿತು.

ಪುಸ್ತಕ ಕೊಟ್ಟ ಮುಂದಿನ ವಾರ ವಾಕಿನಲ್ಲಿ ಆಕೆ ನೇರವಾಗಿ ಕೇಳಿದರು: “ಇದನ್ನ ನನಗ್ಯಾಕೆ ಕೊಟ್ರಿ? ನಾನೂ ಆ ಹೆಂಗಸಿನ ಥರಾ ಅಂತಾನಾ?”

“ಅಯ್ಯೋ, ಹಾಗೇನಿಲ್ಲ. ಚೆನ್ನಾಗಿದೆ ಅಂತ...”

“ಪೇಂಟ್ ಡಬ್ಬದ ಮೇಲೆ ಏನು ಬರೆದಿದ್ರೂ ಓದ್ತೀನಿ. ಇದಕ್ಕೆ ಸಾಲು ಸಾಲಿಗೂ ಡಿಕ್ಷನರಿ ಬೇಕು. ಕೊಟ್ಟೋರು ನೀವು, ನೀವೇ ಬಂದು ಓದಿ ಹೇಳಿ.”

ಹೀಗೆ ಶನಿವಾರದ ಬೆಳಿಗ್ಗೆಗಳು ಆ ಅಡುಗೆಮನೆಗೆ ಹೋದವು. ನಾನು ಗಟ್ಟಿಯಾಗಿ ಓದುವುದು, ಆಕೆ ಹುರುಳಿಕಾಯಿಯ ನಾರು ತೆಗೆಯುವುದು. ಪುಟ ತಿರುವುವಷ್ಟರಲ್ಲಿ, “ನಿಲ್ಲಿಸಿ. ಹೀಗಲ್ಲ.”

ಕಥೆಯ ತಾಯಿ ಹೊಲಿಗೆ ಬಿಟ್ಟು ಕಿಟಕಿಯಲ್ಲಿ ಚಂದ್ರನನ್ನು ನೋಡುತ್ತಾ ಏನೋ ದೊಡ್ಡ ಮಾತು ಹೇಳುವ ಪುಟವಿತ್ತು. ನನಗೆ ಎಲ್ಲಕ್ಕಿಂತ ಹಿಡಿಸಿದ ಪುಟ ಅದು. ಆಕೆ ಹುರುಳಿಕಾಯಿ ಕೆಳಗಿಟ್ಟರು. “ಗಿರಾಕಿ ಬಟ್ಟೆ ಯಾರು ಹೊಲೀಬೇಕು, ಚಂದ್ರನಾ? ಇವಳು ನಮ್ಮ ಭಾಷೇಲಿ ಮಾತಾಡಿದ್ರೆ ಎಲ್ಲರ ಥರಾ ಒಬ್ಬ ಹೆಂಗಸು. ಇಂಗ್ಲಿಷಿಗೆ ಬಂದ ತಕ್ಷಣ ಋಷಿ ಆಗ್ಬಿಟ್ಟಿದ್ದಾಳೆ.”

ನನಗೆ ನಗುವೂ ಬಂತು, ಪೆಚ್ಚೂ ಆದೆ. ನಮ್ಮಮ್ಮನನ್ನು ಯಾರಾದರೂ ಇಂಗ್ಲಿಷಿನಲ್ಲಿ ಬರೆದರೆ ಸಂಜೆ ದೀಪ ಹಚ್ಚಿಸಿ, ಬಾಯಲ್ಲಿ ನಾಲ್ಕು ವೇದಾಂತ ಆಡಿಸುತ್ತಿದ್ದರೇನೋ. ಅಮ್ಮ ದೀಪ ಹಚ್ಚುತ್ತಾ ಕೇಳುತ್ತಿದ್ದದ್ದು ಗ್ಯಾಸ್ ಬುಕ್ ಮಾಡಿದಿರಾ ಅಂತ. ಹಾಗಾದರೆ ಆ ಪುಟ ಓದಿ ನಾನು ಕಂಡೆ ಅಂದುಕೊಂಡ ಚೀನಾ ಯಾವುದು?

ತಟ್ಟೆಯ ಪುಟ ಬಂತು. “ಅವಳು ಸರಿಯಾಗಿ ತೊಳೆದಿರಲಿಲ್ಲ,” ಅಂದರು ಆಕೆ, “ಅಷ್ಟೇ.” ಆದರೆ ಕಾದಂಬರಿಯಲ್ಲಿ ಮಗಳು ಬೇರೆಯೇ ಕಾರಣ ಕಂಡುಹಿಡಿದಿದ್ದಳು: ತಾಯಿ ಚಿಕ್ಕವಳಿದ್ದಾಗ ಬರಗಾಲ ಬಂದಿತ್ತು, ಅಂದಿನಿಂದ ತಟ್ಟೆ ಕಂಡರೆ ಅವಳಿಗೆ ಹಾಗೆ, ಎಂದು.

“ಈ ಹುಡುಗೀಗೆ ಎಲ್ಲದಕ್ಕೂ ಒಂದು ಬರಗಾಲ ಬೇಕು.”

“ಬರಗಾಲ ಇದ್ದದ್ದು ನಿಜ ಅಲ್ವಾ?” ನಾನು ಸುಮ್ಮನಿರಬೇಕಿತ್ತು, ಬಾಯಿಗೆ ಬಂತು.

“ನಿಜ. ನಮ್ಮಣ್ಣ ಅದರಲ್ಲೇ ಹೋದ. ಆರು ವರ್ಷ ಅವನಿಗೆ. ನಾನು ಇನ್ನೂ ಸಣ್ಣೋಳು.” ಕೈಯಲ್ಲಿದ್ದ ಕಾಯಿಯ ನಾರನ್ನು ಪೂರ್ತಿ ಎಳೆದು ಮುಗಿಸಿದರು. “ಅದಕ್ಕೂ ತಟ್ಟೆಗೂ ಏನ್ರೀ ಸಂಬಂಧ?”

“ನಿಮ್ಮ ಮಗಳಿಗೆ ಗೊತ್ತಾ?”

“ಅವಳು ಕೇಳಿಲ್ಲ.”

“ನೀವು ಹೇಳಿಲ್ಲ?”

“ಕೇಳಿಲ್ಲವಲ್ಲ.”

ಅವತ್ತೇ ಸಂಜೆ ಮೇಲ್‌ಬಾಕ್ಸಿನ ಹತ್ತಿರ ಹುಡುಗಿ ನನ್ನನ್ನು ಹಿಡಿದಳು. “ಅಮ್ಮ ಏನಂದ್ಲು ಆಂಟಿ? ಕೋಪ ಬಂತಾ?”

“ಗೊತ್ತಾಗ್ಲಿಲ್ಲಮ್ಮ,” ಅಂದೆ. ಸುಳ್ಳಲ್ಲ. ಅವಳಿಗೊಬ್ಬ ಸೋದರಮಾವ ಇದ್ದ ಎನ್ನುವುದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಹೇಳಿದರೆ ಅವಳಮ್ಮ ಹೇಳಬೇಕಾದ್ದನ್ನು ನಾನು ಕಿತ್ತುಕೊಂಡಂತೆ. ಹೇಳದಿದ್ದರೆ ಆಗಸ್ಟ್ ಬಂದುಬಿಡುತ್ತದೆ. ಮನೆಯವರನ್ನು ಕೇಳಿದರೆ, “ನಿನ್ನನ್ನ ಪೋಸ್ಟ್‌ಮ್ಯಾನ್ ಮಾಡಿದ್ಯಾರು?” ಎಂದು ನಕ್ಕು, ತಮ್ಮ ಆಫೀಸಿರುವ ಆಬರ್ನ್ ಹಿಲ್ಸ್‌ನ ಟ್ರಾಫಿಕ್ಕಿನ ಪುರಾಣ ತೆಗೆದರು.

ಜುಲೈಗೆ ಕೊನೆಯ ಅಧ್ಯಾಯಕ್ಕೆ ಬಂದೆವು. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ನಾನು ಮನೆಯಲ್ಲೇ ಆ ಅಧ್ಯಾಯ ನೋಡಿಕೊಂಡು ಬಂದಿದ್ದೆ. ಬರಗಾಲ ಅದರಲ್ಲಿ ಮತ್ತೆ ಬರುತ್ತಿತ್ತು. ಹುಡುಗಿ ಸೀರಿಯಲ್ ತಿನ್ನಲು ಕೆಳಗಿಳಿದು ಬಂದಳು. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

“ಕಣ್ಣು ಉರೀತಿದೆ. ಸ್ವಲ್ಪ ನೀನು ಓದಮ್ಮ.”

ತಾಯಿ ನನ್ನ ಮುಖವನ್ನೇ ನೋಡಿದರು. ಬೇಡ ಅನ್ನಲಿಲ್ಲ. ಹುಡುಗಿ ನಿಂತುಕೊಂಡೇ, ತಲೆ ಎತ್ತದೆ, ಗಡಗಡ ಓದಿದಳು. ಕಥೆಯ ಮಗಳು ತಾಯಿಯ ಹಸಿವಿನ ದಿನಗಳನ್ನು ಊಹಿಸಿಕೊಳ್ಳುವ ಭಾಗ.

“ನಿಲ್ಲಿಸು. ಹೀಗಲ್ಲ.”

ಹುಡುಗಿ ಪುಸ್ತಕವನ್ನು ಮೇಜಿನ ಮೇಲೆ ಬಡಿದಳು. “ಮತ್ತೆ ಹೇಗೆ? ಯಾವತ್ತಾದ್ರೂ ಹೇಳಿದೀಯಾ?”

“ನೀನು ಕೇಳಿದೀಯಾ?”

“ಈಗ ಕೇಳ್ತಿದೀನಲ್ಲ!”

ಆಕೆ ತಮ್ಮ ಭಾಷೆಯಲ್ಲಿ ಶುರುಮಾಡಿದರು. ದನಿ ಏರಲಿಲ್ಲ; ಯಾರಿಗೋ ದಾರಿ ಹೇಳುವವರ ಹಾಗೆ ಹೇಳುತ್ತಾ ಹೋದರು. ನನಗೆ ಒಂದಕ್ಷರ ತಿಳಿಯಲಿಲ್ಲ. ನಡುವೆ ಹುಡುಗಿ ಇಂಗ್ಲಿಷಿನಲ್ಲಿ, “ತಡಿ, ಆ ಮಾತಿಗೇನರ್ಥ?” ಅಂದಳು. ಸ್ವಲ್ಪ ಹೊತ್ತಿಗೆ, “ಯಾರ ಅಣ್ಣ?” ಅಂದಳು, ಕುರ್ಚಿ ಎಳೆದುಕೊಂಡು ಕೂತಳು. ಇರಲೋ ಹೋಗಲೋ ತಿಳಿಯದೆ ಒಂದು ಗಳಿಗೆ ನಿಂತಿದ್ದು, ಹೇಳದೆಯೇ ಹೊರಟುಬಂದೆ. ನಾನೆದ್ದದ್ದು ಇಬ್ಬರಿಗೂ ಕಾಣಿಸಿದಂತಿರಲಿಲ್ಲ.

ಸೋಮವಾರ ಸಂಜೆಯ ವಾಕಿನಲ್ಲಿ ತಡೆಯಲಾರದೆ ಕೇಳಿದೆ. “ಮಗಳು ಏನಂದ್ಲು?”

“ತುಂಬಾ ಬೇಗ ಬೇಗ ಓದ್ತಾಳೆ,” ಅಂದರು. ಎರಡು ರಸ್ತೆ ದಾಟಿದ ಮೇಲೆ: “ನಮ್ಮಣ್ಣನ ಹೆಸರು ಸರಿಯಾಗಿ ಹೇಳೋಕೆ ಬರಲಿಲ್ಲ ಅವಳಿಗೆ. ಹೇಳಿಕೊಟ್ಟೆ.” ಖುಷಿಯೋ ದುಃಖವೋ ಮುಖ ನೋಡಿ ತಿಳಿಯುವಂತಿರಲಿಲ್ಲ.

ಆಗಸ್ಟಿನಲ್ಲಿ ವ್ಯಾನಿಗೆ ಸಾಮಾನು ತುಂಬುತ್ತಿದ್ದಾಗ ಹುಡುಗಿ ಓಡಿ ಬಂದು ತಬ್ಬಿಕೊಂಡಳು. “ಅರ್ಧ ಅರ್ಥ ಆಯ್ತು ಆಂಟಿ. ಇನ್ನರ್ಧ ಫೋನಲ್ಲಿ ಕೇಳ್ತೀನಿ.”

“ನೀನು ಯಾರು ಅಂತ ಅಮ್ಮನಿಗೆ ಗೊತ್ತಾಯ್ತಾ?”

“ಅದಾ? ಅಲ್ಲೀವರೆಗೆ ನಾವಿನ್ನೂ ಬಂದೇ ಇಲ್ಲ.”

ವ್ಯಾನ್ ಹೋಯಿತು. ಎದುರುಮನೆಯಾಕೆ ಮಾತ್ರ ಆ ಪುಸ್ತಕ ಸುಳ್ಳು ಎನ್ನುವ ಹಟ ಬಿಡಲಿಲ್ಲ. ಸುಳ್ಳು ಅನ್ನಿಸಿದ್ದಕ್ಕೇ ಅಲ್ಲವೇ ನೀವು ಬಾಯಿ ಬಿಟ್ಟಿದ್ದು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಅದು ನಿಜವೇ ಎಂದು ನನಗೇ ಖಾತ್ರಿಯಿಲ್ಲ. ಒಂದು ಸಂಜೆ ಆಕೆಯೇ ಅಂದರು: “ಶನಿವಾರ ಖಾಲಿ ಖಾಲಿ ಅನ್ಸುತ್ತೆ. ಇನ್ನೊಂದು ಪುಸ್ತಕ ತನ್ನಿ. ಅದಕ್ಕಿಂತ ನಿಜವಾದದ್ದು.”

ಲೈಬ್ರರಿಗೆ ಹೋಗಿ ಕಪಾಟಿನ ಮುಂದೆ ಬಹಳ ಹೊತ್ತು ನಿಂತೆ. ಯಾವುದು ನಿಜವಾದದ್ದು ಎಂದು ರಟ್ಟು ನೋಡಿ ಹೇಳುವುದು ಹೇಗೆ? ಕೈಗೆ ಬಂದ ಮೂರನ್ನು ತಂದು ಆಕೆಯ ಮೇಜಿನ ಮೇಲಿಟ್ಟೆ, ನೀವೇ ಆರಿಸಿ ಎಂದು.