ಮೆಮೊರಿ ಚಿಪ್ಪಿಗೆ ಬಿಟ್ಟ ಕಾಲಿಂಚು

ಸತ್ಯನಾರಾಯಣಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಹೊಸತರಲ್ಲಿ, ಪರದೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕಂಪನಿ ಇಟ್ಟ ವೇಗದ ಮಿತಿ ಮೀರಿ ಓಡಿಸುವ ಹುಚ್ಚು ನನಗೆ. ಎಷ್ಟು ಓಡಿಸಬಹುದೆಂದು ತಿಳಿಯಲು ಅದರ ಮೆಮೊರಿ ಚಿಪ್ಪು ಯಾವ ಕಂಪನಿಯದೆಂದು ಗೊತ್ತಾಗಬೇಕು. ಮೇಲಿನ ಅಕ್ಷರ ಮಾಸಿದ್ದವು. ಪಕ್ಕದ ಅಂಗಡಿಯ ಜೀನ್ಸ್ ಟೈಲರ್ ಬಸಣ್ಣ ಗುರುತು ಹಾಕುವ ತನ್ನ ಸೀಮೆಸುಣ್ಣ ತಿಕ್ಕಿದ. ಅಕ್ಷರ ಎದ್ದು ಕಂಡವು.

ಬಳ್ಳಾರಿ ಬಿಸಿಲಿಗೆ ಚಿಪ್ಪು ಸುಡದಿರಲೆಂದು ಮೇಲೆ ಅಂಟಿಸುವ ತೆಳು ಅಲ್ಯೂಮಿನಿಯಂ ತಗಡಿನ ತುಂಡುಗಳನ್ನೂ ಅವನೇ ಕತ್ತರಿಸಿಕೊಟ್ಟ. ಎಲ್ಲವೂ ಕಾಲಿಂಚು ದೊಡ್ಡವು.

"ಅಳತಿ ತಪ್ಪೈತಲ್ಲ ಬಸಣ್ಣ?"

"ಕತ್ತರಿ ಹಾಕೋವಾಗ ಒಂದೀಟು ಬಿಡಬೇಕಪ. ನಾಳಿ ಬೆಳದ್ರ?"

ಹೆಚ್ಚಾದ ಅಂಚನ್ನು ಮೇಲಕ್ಕೆ ಮಡಚಿ ಅಂಟಿಸಿದೆ. ಮಡಿಕೆಗೆ ಗಾಳಿ ತಾಗಿ ಚಿಪ್ಪು ತಣ್ಣಗಿತ್ತು. ಕಾರ್ಡು ವರ್ಷಗಟ್ಟಲೆ ಓಡಿತು.

ಬಸಣ್ಣನ ಅಂಗಡಿ ಈಗಿಲ್ಲ. ಕಾರ್ಡುಗಳು ಮಾತ್ರ ಇಟ್ಟಿಗೆಯಷ್ಟು ಬೆಳೆದು, ಗಿರಾಕಿಗಳ ಹಳೆ ಕಂಪ್ಯೂಟರ್ ಕ್ಯಾಬಿನೆಟ್ಟಿನಲ್ಲಿ ಹಿಡಿಸುವುದಿಲ್ಲ. ಆ ಕ್ಯಾಬಿನೆಟ್ಟು ಮಾಡಿದವರು ಯಾರೂ ಒಂದೀಟು ಬಿಟ್ಟಿರಲಿಲ್ಲ.